ಸೊನ್ನೆಯ ಊರಿನಿಂದ ಆಡೂರಿಗೆ

ನಮ್ಮ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ಒಂದು ಲೇಖನ ಬರೆದುಕೊಡಲು ಸಂಪಾದಕ ಮಂಡಳಿಯ ಹಿರಿಯರು ಹೇಳಿದರು. ಏನು ಬರೆಯಲಿ ಎಂದು ಕೇಳಿದೆ. "ನಿನ್ನ ಕೆಲಸದ ಬಗ್ಗೆ ಬರಿ. ಆದರ ನಮ್ಮಂಥವರಿಗೂ ತಿಳಿಯೂ ಹಂಗ ಬರಿ" ಎಂದರು. ನಾನು ಇದೇ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ನಕ್ಷೆಗಳಿಗೆ ಸಂಬಂಧಪಟ್ಟ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಮೊಬೈಲಿನಲ್ಲಿ "ನೀವು ಇಲ್ಲಿದ್ದೀರಿ" ಎಂದು ನೀಲಿ ಚುಕ್ಕೆ ತೋರಿಸುತ್ತದಲ್ಲ, ಅಂಥ ಚುಕ್ಕೆಗಳ ಲೆಕ್ಕವೇ ನನ್ನ ದಿನನಿತ್ಯದ ಕೆಲಸ. ಆ ಲೆಕ್ಕ ಎಲ್ಲಿಂದ ಶುರುವಾಗುತ್ತದೆ, ಅದನ್ನು ಅಲ್ಲಿಂದಲೇ ಶುರುಮಾಡಬೇಕೆಂದು ಯಾರು ತೀರ್ಮಾನಿಸಿದರು, ಅದರಲ್ಲಿ ನಮ್ಮ ನಾಡಿನ ಪಾಲೆಷ್ಟು, ಆ ಲೆಕ್ಕ ತಪ್ಪಿದರೆ ನಮ್ಮ ಆಡೂರಿನ ರೈತನಿಗೆ ಏನಾಗುತ್ತದೆ ಎಂಬುದನ್ನು ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಎರಡು ಸೊನ್ನೆಗಳು

ಎಂಟನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ಗುರುಗಳು ಗೋಲ ತಿರುಗಿಸಿ ಕಲಿಸಿದ್ದು ನಮಗೆಲ್ಲ ನೆನಪಿರಬೇಕು. ಅಡ್ಡ ಗೆರೆಗಳು ಅಕ್ಷಾಂಶ, ಉದ್ದ ಗೆರೆಗಳು ರೇಖಾಂಶ. ಅಡ್ಡ ಗೆರೆಗಳಲ್ಲಿ ನಡುವಿನದು ಸಮಭಾಜಕ ವೃತ್ತ. ಅದು 0 ಡಿಗ್ರಿ. ಉದ್ದ ಗೆರೆಗಳಲ್ಲಿ ಲಂಡನ್ ಬಳಿಯ ಗ್ರೀನಿಚ್ ಮೂಲಕ ಹಾಯುವುದು 0 ಡಿಗ್ರಿ. ಇವೆರಡೂ ಒಂದನ್ನೊಂದು ಕತ್ತರಿಸುವ ಜಾಗ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿದೆ. ಘಾನಾ ದೇಶದ ದಂಡೆಯಿಂದ ಸುಮಾರು 600 ಕಿಲೋಮೀಟರ್ ದಕ್ಷಿಣಕ್ಕೆ. ಅಲ್ಲಿ ನೆಲವಿಲ್ಲ, ಬಂಡೆಯಿಲ್ಲ, ಬರೀ ನೀರು. ಅಟ್ಲಾಂಟಿಕ್ ಕಡಲಿನ ಹವೆಯನ್ನು ಅಳೆಯಲು ಅಮೆರಿಕ, ಫ್ರಾನ್ಸ್ ಮತ್ತು ಬ್ರೆಜಿಲ್ ದೇಶಗಳ ವಿಜ್ಞಾನಿಗಳು ಲಂಗರು ಹಾಕಿ ತೇಲಿಬಿಟ್ಟ ಯಂತ್ರಗಳ ಸಾಲೊಂದಿದೆ. ಅದರಲ್ಲಿ ಒಂದು ಯಂತ್ರವನ್ನು ಸರಿಯಾಗಿ ಈ ಜಾಗದಲ್ಲಿ ನಿಲ್ಲಿಸಿದ್ದರು. ಮನುಷ್ಯರು ಅಲ್ಲಿ ಇಟ್ಟ ಗುರುತು ಅದೊಂದೇ. ನಮ್ಮ ಆಡೂರಿನಿಂದ ಆ ಜಾಗ ಹದ್ದು ಹಾರಿದ ಹಾಗೆ ನೇರ ಅಳೆದರೆ ಸುಮಾರು 8400 ಕಿಲೋಮೀಟರ್.

ಈ ಎರಡು ಸೊನ್ನೆಗಳು ಒಂದೇ ಜಾತಿಯವಲ್ಲ. ಸಮಭಾಜಕದ ಸೊನ್ನೆಯನ್ನು ಯಾರೂ ಆರಿಸಿದ್ದಲ್ಲ. ಭೂಮಿ ತನ್ನ ಸುತ್ತ ತಾನು ತಿರುಗುವುದರಿಂದ ಎರಡು ಧ್ರುವಗಳು ತಾವಾಗಿಯೇ ಗೊತ್ತಾಗುತ್ತವೆ. ಎರಡರ ನಟ್ಟನಡುವೆ ಸಮಭಾಜಕ. ಯಾವ ದೇಶದವನು ಲೆಕ್ಕ ಹಾಕಿದರೂ ಅದು ಅಲ್ಲೇ ಬರುತ್ತದೆ. ರೇಖಾಂಶದ ಸೊನ್ನೆ ಹಾಗಲ್ಲ. ಧ್ರುವದಿಂದ ಧ್ರುವಕ್ಕೆ ಎಳೆದ ಗೆರೆಗಳೆಲ್ಲ ಒಂದೇ ಉದ್ದ, ಒಂದೇ ಆಕಾರ. ಇದೇ ಮೊದಲನೆಯದು ಎನ್ನಲು ನಿಸರ್ಗದಲ್ಲಿ ಕಾರಣವಿಲ್ಲ. ದುಂಡನೆಯ ಕಣದಲ್ಲಿ ಮೊದಲ ಹೆಜ್ಜೆ ಎಲ್ಲಿಡಬೇಕೆಂದು ಎತ್ತು ಕೇಳುವುದಿಲ್ಲ, ಮೇಟಿ ಸುತ್ತ ಹೂಡಿದವನು ತೀರ್ಮಾನಿಸುತ್ತಾನೆ. ರೇಖಾಂಶದ ಕಥೆಯೂ ಅಷ್ಟೇ. ಯಾರ ಕೈಯಲ್ಲಿ ಹಗ್ಗವಿತ್ತೋ ಅವರ ಊರಿನಿಂದ ಎಣಿಕೆ ಶುರುವಾಯಿತು. ಎರಡನೆಯ ಶತಮಾನದಲ್ಲಿ ಟಾಲೆಮಿ ತಾನು ಬಲ್ಲ ಲೋಕದ ಪಶ್ಚಿಮದ ತುದಿಯೆಂದು ಅಟ್ಲಾಂಟಿಕ್ ಕಡಲಿನ ಕ್ಯಾನರಿ ದ್ವೀಪಗಳಿಂದ ಎಣಿಸಿದ. ಭಾರತದ ಜ್ಯೋತಿಷಿಗಳು ಉಜ್ಜಯಿನಿಯಿಂದ ಎಣಿಸಿದರು.

ನಮ್ಮ ಹತ್ತಿರದಲ್ಲೇ ಹಾಯ್ದ ಸೊನ್ನೆಯ ಗೆರೆ

ಉಜ್ಜಯಿನಿ ಎಂದ ಕೂಡಲೇ ನಮ್ಮ ಕಡೆಯವರಿಗೆ ಕೊಟ್ಟೂರಿನ ಹತ್ತಿರದ ಪೀಠ ನೆನಪಾಗುವುದು ಸಹಜ. ನಾನು ಹೇಳುತ್ತಿರುವುದು ಮಧ್ಯಪ್ರದೇಶದ ಉಜ್ಜಯಿನಿ, ಹಿಂದಿನ ಅವಂತಿ. ಲಂಕೆಯಿಂದ ಹೊರಟು, ಅವಂತಿಯ ಮೇಲೆ ಹಾಯ್ದು, ಕುರುಕ್ಷೇತ್ರದ ಕೆರೆಯನ್ನು ಮುಟ್ಟಿ, ಉತ್ತರದ ಮೇರುವಿಗೆ ಹೋಗುವ ಗೆರೆಯನ್ನು 'ಸೂರ್ಯ ಸಿದ್ಧಾಂತ' ಮಧ್ಯರೇಖೆ ಎಂದು ಹೇಳುತ್ತದೆ. ಆ ಗೆರೆಯ ಮೇಲಿರುವ ಊರಿಗೆ ದೇಶಾಂತರ ಸೊನ್ನೆ. ಅದರ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರುಗಳಿಗೆ ಗ್ರಹಗಳ ಲೆಕ್ಕದಲ್ಲಿ ಅಷ್ಟಷ್ಟು ಕೂಡಿಸಬೇಕು, ಕಳೆಯಬೇಕು.

ಇದರಲ್ಲಿ ಬರುವ ಲಂಕೆ ಇಂದಿನ ಶ್ರೀಲಂಕಾ ಅಲ್ಲ. ಸಮಭಾಜಕದ ಮೇಲೆ, ಉಜ್ಜಯಿನಿಯ ನೇರ ದಕ್ಷಿಣಕ್ಕೆ ಇದೆಯೆಂದು ಜ್ಯೋತಿಷಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡ ಊರು ಅದು. ಅಂದರೆ ಅಕ್ಷಾಂಶವೂ ಸೊನ್ನೆ, ದೇಶಾಂತರವೂ ಸೊನ್ನೆ. ಇಂದು ಗಿನಿ ಕೊಲ್ಲಿಯಲ್ಲಿರುವ ಜಾಗ ಏನೋ, ಅಂದಿನ ಲೆಕ್ಕದಲ್ಲಿ ಲಂಕೆ ಅದೇ. ಕ್ರಿ.ಶ. 499ರ ಸುಮಾರಿನಲ್ಲಿ ಆರ್ಯಭಟ ಇನ್ನೂ ಮುಂದೆ ಹೋಗಿ ಸಮಭಾಜಕದ ಮೇಲೆ ನಾಲ್ಕು ಊರುಗಳನ್ನು ಸಮಸಮ ದೂರದಲ್ಲಿ ಇಟ್ಟ: ಲಂಕೆ, ಯವಕೋಟಿ, ಸಿದ್ಧಪುರ, ರೋಮಕ. ಲಂಕೆಯಲ್ಲಿ ಸೂರ್ಯ ಹುಟ್ಟಿದಾಗ ಯವಕೋಟಿಯಲ್ಲಿ ಮಧ್ಯಾಹ್ನ, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ. ಭೂಮಿ ದುಂಡಗಿದೆ, ಎಲ್ಲ ಕಡೆಯೂ ಒಂದೇ ಹೊತ್ತಲ್ಲ ಎಂಬುದನ್ನು ಇದಕ್ಕಿಂತ ಸುಲಭವಾಗಿ ಹೇಳುವುದು ಕಷ್ಟ. ಲಂಕೆಯಿಂದ ಉಜ್ಜಯಿನಿ ಉತ್ತರಕ್ಕೆ ಭೂಪರಿಧಿಯ 16ನೇ ಒಂದು ಭಾಗದಷ್ಟು ದೂರ ಎಂದೂ ಆತ ಬರೆದ. 360 ಡಿಗ್ರಿಯನ್ನು 16ರಿಂದ ಭಾಗಿಸಿದರೆ 22.5 ಡಿಗ್ರಿ. ಇಂದಿನ ಅಳತೆಯಲ್ಲಿ ಉಜ್ಜಯಿನಿಯ ಅಕ್ಷಾಂಶ 23 ಡಿಗ್ರಿಗಿಂತ ತುಸು ಹೆಚ್ಚು. ಕೋಲು, ನೆರಳು ಇಷ್ಟರಿಂದಲೇ ಸಾವಿರದ ಐನೂರು ವರ್ಷಗಳ ಹಿಂದೆ ಹಾಕಿದ ಲೆಕ್ಕ ಇದು.

ಇನ್ನು ಆ ಮಧ್ಯರೇಖೆ ಎಲ್ಲೋ ದೂರದ್ದಲ್ಲ. ಉಜ್ಜಯಿನಿಯ ರೇಖಾಂಶ ಇಂದಿನ ಗ್ರೀನಿಚ್ ಲೆಕ್ಕದಲ್ಲಿ ಸುಮಾರು 75.8 ಡಿಗ್ರಿ ಪೂರ್ವ. ಅಲ್ಲಿಂದ ನೇರ ದಕ್ಷಿಣಕ್ಕೆ ಒಂದು ದಾರ ಎಳೆಯಿರಿ. ಅದು ವಿಜಯಪುರದ ಪಕ್ಕದಲ್ಲಿ, ಪಟ್ಟದಕಲ್ಲಿನ ಬಳಿಯಲ್ಲಿ ಹಾಯ್ದು, ತುಂಗಭದ್ರೆಯ ದಂಡೆಯ ಹರಿಹರವನ್ನು ಸವರಿ, ಚಿಕ್ಕಮಗಳೂರಿನ ಮೇಲೆ ಇಳಿದು, ಕೋಝಿಕ್ಕೋಡ್ ಹತ್ತಿರ ಕಡಲು ಸೇರುತ್ತದೆ. ಆಡೂರು ಇರುವುದು 75 ಡಿಗ್ರಿಗಿಂತ ತುಸು ಹೆಚ್ಚಿನ ರೇಖಾಂಶದಲ್ಲಿ, ಅಂದರೆ ಆ ಗೆರೆಯ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ. ಹರಿಹರಕ್ಕೆ ಹೋಗಿ ಬಂದವರೆಲ್ಲ ಭಾರತದ ಹಳೆಯ ಸೊನ್ನೆಯ ಗೆರೆಯ ಹತ್ತಿರ ಹೋಗಿ ಬಂದವರೇ. ಆ ಗೆರೆಯ ಮೇಲೆ ಸೂರ್ಯ ನೆತ್ತಿಗೆ ಬಂದ ಎರಡು ನಿಮಿಷ ಚಿಲ್ಲರೆ ಹೊತ್ತಿಗೆ ನಮ್ಮೂರಿನ ನೆತ್ತಿಗೆ ಬರುತ್ತಾನೆ.

ದಾರವನ್ನು ಇನ್ನೂ ಇಳಿಸುತ್ತ ಹೋದರೆ ಸಮಭಾಜಕ ಸಿಗುವುದು ಹಿಂದೂ ಮಹಾಸಾಗರದಲ್ಲಿ, ಮಾಲ್ಡೀವ್ಸ್ ದ್ವೀಪಗಳ ಪೂರ್ವಕ್ಕೆ. ಅಲ್ಲಿಯೂ ನೆಲವಿಲ್ಲ. ಅಂದರೆ ನಮ್ಮವರ ಸೊನ್ನೆ-ಸೊನ್ನೆಯೂ ನೀರಿನಲ್ಲೇ, ಬ್ರಿಟಿಷರ ಸೊನ್ನೆ-ಸೊನ್ನೆಯೂ ನೀರಿನಲ್ಲೇ.

ದೇಶಾಂತರ ಕಂಡುಹಿಡಿಯುವುದು ಅಕ್ಷಾಂಶಕ್ಕಿಂತ ಬಹಳ ಕಷ್ಟ. ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಚಂದ್ರಗ್ರಹಣ. ಚಂದ್ರನ ಮೇಲೆ ಭೂಮಿಯ ನೆರಳು ಬೀಳುವುದು ಎಲ್ಲ ಊರಿನವರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಆದರೆ ಆ ಕ್ಷಣದಲ್ಲಿ ಊರೂರಿನ ಹೊತ್ತು ಬೇರೆ. ಮಧ್ಯರೇಖೆಗೆ ಲೆಕ್ಕ ಹಾಕಿದ ಹೊತ್ತಿಗೂ ನಮ್ಮ ಊರಲ್ಲಿ ಗ್ರಹಣ ಹಿಡಿದ ಹೊತ್ತಿಗೂ ಎಷ್ಟು ವ್ಯತ್ಯಾಸವೋ ಅದೇ ನಮ್ಮ ದೇಶಾಂತರ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ.

ಒಂದು ಚುಕ್ಕೆ ಬಿದ್ದು ಹುಟ್ಟಿದ ಊರು

ಉಜ್ಜಯಿನಿಯ ಲೆಕ್ಕ ಅರಬರ ದೇಶಕ್ಕೂ ಹೋಯಿತು. ಅವರು ಊರಿನ ಹೆಸರನ್ನು 'ಉಝೈನ್' ಎಂದು ಬರೆದುಕೊಂಡರು. ಅರಬ್ಬಿ ಲಿಪಿಯಲ್ಲಿ ಝ ಅಕ್ಷರಕ್ಕೂ ರ ಅಕ್ಷರಕ್ಕೂ ಇರುವ ವ್ಯತ್ಯಾಸ ಮೇಲಿನ ಒಂದು ಚುಕ್ಕೆ ಮಾತ್ರ. ನಕಲು ಮಾಡುವವರ ಕೈಯಲ್ಲಿ ಆ ಚುಕ್ಕೆ ಬಿದ್ದುಹೋಗಿ ಊರಿನ ಹೆಸರು 'ಅರೀನ್' ಎಂದಾಯಿತು. ಮುಂದೆ ಅರೀನ್ ಎಂಬುದು ಸಮಭಾಜಕದ ಮೇಲೆ, ಲೋಕದ ನಟ್ಟನಡುವೆ ಇರುವ ಊರು, ಅದು ಭೂಮಿಯ ಗುಮ್ಮಟ ಎಂದು ಯುರೋಪಿನವರೆಗೂ ವಿದ್ವಾಂಸರು ನಂಬಿದರು. ಉಜ್ಜಯಿನಿ ನಿಜವಾದ ಊರು. ಅರೀನ್ ಒಂದು ಚುಕ್ಕೆ ಬಿದ್ದುಹೋಗಿ ಹುಟ್ಟಿದ ಊರು.

ಇದು ನಮಗೆ ವಿಚಿತ್ರವಾಗಿ ಕಾಣಬೇಕಿಲ್ಲ. ಕನ್ನಡದಲ್ಲಿ ಅಕ್ಷರದ ಮುಂದೆ ಹಾಕುವ ಅನುಸ್ವಾರಕ್ಕೆ ನಾವು ಸೊನ್ನೆ ಎಂದೇ ಹೇಳುತ್ತೇವೆ. 'ಅಂಗಡಿ' ಎಂದು ಬರೆಯಲು ಹೋಗಿ ಸೊನ್ನೆ ಬಿಟ್ಟರೆ 'ಅಗಡಿ' ಆಗುತ್ತದೆ. ಅಗಡಿ ಹಾವೇರಿ ಹತ್ತಿರದ ಊರು! ಚೀಟಿ ಹಿಡಿದುಕೊಂಡು ಹೋದವನು ಅಂಗಡಿಗೆ ಹೋಗುವ ಬದಲು ಅಗಡಿಗೆ ಹೋಗಿ ನಿಂತಾನು. ಬರೆಯುವಾಗ ಬಿಟ್ಟ ಒಂದು ಗುರುತು ಇಲ್ಲದ ಊರನ್ನು ಹುಟ್ಟಿಸಬಲ್ಲದು ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಪಳಿ ಹಿಡಿದು ಬಂದವರು

ಉಜ್ಜಯಿನಿಯ ಗೆರೆ ಪಂಚಾಂಗದ ಲೆಕ್ಕಕ್ಕೆ ಉಳಿಯಿತು. ನೆಲದ ಲೆಕ್ಕ ಬೇರೆಯವರ ಕೈಗೆ ಹೋಯಿತು. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ವೀಕ್ಷಣಾಲಯ ಕಟ್ಟಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ತೀರಿಹೋದ ಮೇಲೆ ಹೊಸದಾಗಿ ಕೈಗೆ ಬಂದ ನೆಲ ಎಷ್ಟು, ಎಲ್ಲಿ ಎಂದು ಕಂಪನಿಗೆ ತಿಳಿಯಬೇಕಿತ್ತು. ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1802ರಲ್ಲಿ ಮದ್ರಾಸಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದು, ಅದರಿಂದ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಗುಡ್ಡದಿಂದ ಗುಡ್ಡಕ್ಕೆ ಪಶ್ಚಿಮಕ್ಕೆ ನಡೆದ. ಬೆಟ್ಟದ ತುದಿಗಳಿಗೆ ಅವನು ಹೊರಿಸಿದ ಕೋನ ಅಳೆಯುವ ಯಂತ್ರವೊಂದೇ ಅರ್ಧ ಟನ್ ತೂಕದ್ದು.

1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಗೆರೆಯನ್ನು ಅಳೆದರು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಕೆಲವೇ ಅಂಗುಲಗಳ ಅಂತರ ಬಂತು. ಅಲ್ಲಿಂದ ಮುಂದೆ ಮಂಗಳೂರಿನ ಕಡಲಿನವರೆಗೆ ಹೋಗಿ ನೋಡಿದಾಗ ಮದ್ರಾಸಿನಿಂದ ಮಂಗಳೂರಿಗೆ ಅಗಲ 360 ಮೈಲಿ. ಅಲ್ಲಿಯತನಕ ನಕ್ಷೆಗಳಲ್ಲಿ ಇದ್ದದ್ದು 400 ಮೈಲಿ. ಕನ್ನಡನಾಡನ್ನು ದಾಟುವ ಹಾದಿಯಲ್ಲಿ 40 ಮೈಲಿ ನೆಲ ಕಾಗದದ ಮೇಲೆ ಹೆಚ್ಚಾಗಿತ್ತು! ಬರೆದಿಟ್ಟದ್ದನ್ನು ನಂಬದೆ ಹೋಗಿ ಅಳೆದದ್ದರಿಂದ ಅದು ಗೊತ್ತಾಯಿತು.

ಮದ್ರಾಸಿನ ರೇಖಾಂಶ ಬಹುಕಾಲ ಭಾರತದ ರೈಲುಗಳ ಗಡಿಯಾರವನ್ನೂ ನಡೆಸಿತು. ಅಷ್ಟರಲ್ಲಿ ಜಗತ್ತಿಗೆಲ್ಲ ಒಂದೇ ಸೊನ್ನೆ ಬೇಕೆಂಬ ಮಾತು ಬಲವಾಯಿತು. 1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳು ಸಭೆ ಸೇರಿದವು. 22 ದೇಶಗಳು ಗ್ರೀನಿಚ್ ಎಂದವು, ಸ್ಯಾನ್ ಡೊಮಿಂಗೊ ಬೇಡವೆಂದಿತು, ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಗ್ರೀನಿಚ್ ಗೆಲ್ಲಲು ಕಾರಣ ಸರಳ: ಆಗಲೇ ಲೋಕದ ಹಡಗು ಸರಕಿನಲ್ಲಿ ನೂರಕ್ಕೆ 72 ಪಾಲು ಗ್ರೀನಿಚ್ ನಕ್ಷೆಗಳನ್ನು ನಂಬಿ ಸಾಗುತ್ತಿತ್ತು. ರೂಢಿಯಲ್ಲಿದ್ದುದಕ್ಕೆ ಸಭೆ ಠಸ್ಸೆ ಒತ್ತಿತು. 1906ರ ಜನವರಿ 1ರಿಂದ ಭಾರತಕ್ಕೆ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು ಗೊತ್ತಾಯಿತು. ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದು. ಮುಂಬಯಿ ನಗರ ಮಾತ್ರ 1955ರವರೆಗೂ ತನ್ನ ಗಡಿಯಾರವನ್ನು ಬಿಟ್ಟುಕೊಡಲಿಲ್ಲ.

ಹೀಗೆ ಒಪ್ಪಿದ ಸೊನ್ನೆಯೂ ಗಟ್ಟಿ ನಿಂತಿಲ್ಲ. ಗ್ರೀನಿಚ್ ವೀಕ್ಷಣಾಲಯದ ಅಂಗಳದಲ್ಲಿ ಪ್ರವಾಸಿಗರು ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವ ಗೆರೆಯ ಮೇಲೆ ನಿಂತು ಮೊಬೈಲ್ ನೋಡಿದರೆ ಸೊನ್ನೆ ತೋರಿಸುವುದಿಲ್ಲ. ಉಪಗ್ರಹಗಳ ಲೆಕ್ಕದ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕೆ ಹಾಯುತ್ತದೆ. ಹಳೆಯ ಗೆರೆಯನ್ನು ಆ ಜಾಗದ ತೂಗುಗುಂಡಿನ ನೇರ ನೋಡಿ ಎಳೆದಿದ್ದರು. ಹೊಸದನ್ನು ಭೂಮಿಯ ಕೇಂದ್ರದಿಂದ ಲೆಕ್ಕ ಹಾಕಿದ್ದಾರೆ. ಎರಡೂ ಸರಿ, ಎಣಿಸುವ ರೀತಿ ಬೇರೆ.

ಆಡೂರಿನ ಕಲ್ಲು ಹೇಳುವ ಲೆಕ್ಕ

ಇಷ್ಟೆಲ್ಲ ದೂರದ ಮಾತಾಯಿತು. ನಮ್ಮೂರಿನಲ್ಲೇ ಇದಕ್ಕೆ ಸಂಬಂಧಿಸಿದ ದೊಡ್ಡ ದಾಖಲೆಯಿದೆ. ಆಡೂರಿನ ಶಾಸನ ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತಿರುವಂಥದು. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರಿರುವ, ಸಂಸ್ಕೃತ ಮತ್ತು ಹಳಗನ್ನಡ ಎರಡೂ ಇರುವ ಶಾಸನ ಅದು. ಆಗ ಊರಿನ ಹೆಸರು ಪಾಂಡೀಪುರ. ಶಾಸನದಲ್ಲಿ ಜಿನೇಂದ್ರನ ಬಸದಿಗೆ ಊರ ಗಾವುಂಡರು ಬಿಟ್ಟ ಭತ್ತದ ಗದ್ದೆಯ ವಿವರವಿದೆ. ಎಷ್ಟು ಎಂದರೆ ರಾಜಮಾನದಿಂದ ಎಂಟು ಮತ್ತರು. ಎಲ್ಲಿ ಎಂದರೆ ಕರ್ಮಗಲೂರಿನ ಪಡುವಣಕ್ಕೆ.

ಈ ಎರಡು ಮಾತುಗಳನ್ನು ನಕ್ಷೆಯ ಕೆಲಸ ಮಾಡುವವನ ಕಣ್ಣಿನಿಂದ ನೋಡಿದೆ. ಜಾಗ ಹೇಳಲು ಬೇಕಾದದ್ದು ಎರಡೇ ಸಂಗತಿ: ಎಲ್ಲಿಂದ ಅಳೆಯುತ್ತೀ, ಯಾವ ಕೋಲಿನಿಂದ ಅಳೆಯುತ್ತೀ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮೂರಿನ ಗಾವುಂಡರು ಎರಡನ್ನೂ ಕಲ್ಲಿನ ಮೇಲೆ ಬರೆಸಿದ್ದಾರೆ. ಅವರ ಸೊನ್ನೆ ಎಲ್ಲರಿಗೂ ಗೊತ್ತಿದ್ದ ಪಕ್ಕದ ಊರು. ಕೋಲು ಎಲ್ಲರೂ ಒಪ್ಪಿದ ರಾಜಮಾನ. 'ರಾಜಮಾನ' ಎಂಬ ಒಂದು ಪದ ಬಿಟ್ಟಿದ್ದರೆ ಯಾರ ಕೋಲು ಎಂದು ಮುಂದೆ ಜಗಳವಾಗುತ್ತಿತ್ತು. ಏಕೆಂದರೆ ಆ ಕಾಲದಲ್ಲಿ ಅಳತೆಕೋಲುಗಳು ಹಲವು. ನಮ್ಮಿಂದ ಬಹಳ ದೂರವಿಲ್ಲದ ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ 'ಭೇರುಂಡ ಗಳೆ' ಎಂಬ ಕೋಲಿನ ಹೆಸರೇ ಬರುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದನೆಂದರೆ ಹೊಲದ ಅಳತೆ ಆಗಲೇ ಎಷ್ಟು ಮುಖ್ಯವಾದ ವಿದ್ಯೆಯಾಗಿತ್ತು ಎಂದು ತಿಳಿಯುತ್ತದೆ.

ಬ್ರಿಟಿಷರ ಕಾಲದಲ್ಲಿ ರಾಜಮಾನದ ಜಾಗಕ್ಕೆ ಸರ್ವೆ ಸರಪಳಿ ಬಂತು. 1836ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಶುರುಮಾಡಿದ ಹೊಲಮೋಜಣಿ ಮುಂದೆ ಧಾರವಾಡದ ಕಡೆಗೂ ಬಂತು. ಆಗ ನಮ್ಮ ಹಾನಗಲ್ ಧಾರವಾಡಕ್ಕೆ ಸೇರಿತ್ತು; ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇಂದಿಗೂ ನಾವು "ಎಕರೆಗೆ ನಾಲ್ವತ್ತು ಗುಂಟೆ" ಎಂದು ಬಾಯಿಪಾಠ ಹೇಳುವುದು ಆ ಸರಪಳಿಯ ಲೆಕ್ಕವನ್ನೇ. ಅವರ ಲೆಕ್ಕದ ಮೊದಲು ಬಾಂದಿನ ಕಲ್ಲು. ಹದ್ದುಬಸ್ತಿಗೆ ಬಂದ ಭೂಮಾಪಕರು ಇಂದಿಗೂ ಮೊದಲು ಕೇಳುವುದು "ಕಲ್ಲು ಎಲ್ಲೈತ್ರಿ?" ಎಂದೇ. ಕಲ್ಲು ಕಿತ್ತವನು ಸಿಕ್ಕಿಬಿದ್ದರೆ ಊರೆಲ್ಲ ಸೇರಿ ಬಯ್ಯುವುದು ಒಂದು ಕಲ್ಲಿಗಾಗಿ ಅಲ್ಲ. ಆತ ಎಲ್ಲರ ಲೆಕ್ಕದ ಬುಡವನ್ನೇ ಕಿತ್ತಿದ್ದಾನೆ ಎಂಬುದಕ್ಕಾಗಿ.

ಖಾಲಿ ಬೇರೆ, ಸೊನ್ನೆ ಬೇರೆ

ಈಗ ಬಾಂದಿನ ಕಲ್ಲಿನ ಜೊತೆಗೆ ಉಪಗ್ರಹವೂ ಬಂದಿದೆ. ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇವೆ. ಮನೆ ಮಂಜೂರಾದರೆ ತಳಪಾಯದ ಫೋಟೊ, ಗೋಡೆಯ ಫೋಟೊ. 'ದಿಶಾಂಕ್' ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಇಂಥ ಫೋಟೊಗಳ ಜೊತೆಗೆ ಎರಡು ಸಂಖ್ಯೆಗಳು ಸೇರಿ ಹೋಗುತ್ತವೆ, ಒಂದು ಅಕ್ಷಾಂಶ, ಒಂದು ರೇಖಾಂಶ. ದಶಾಂಶದ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮವಾಗಿ ಜಾಗ ಹೇಳಬಹುದು.

ಆ ಸಂಖ್ಯೆ ಹುಟ್ಟಬೇಕಾದರೆ ಮೊಬೈಲಿಗೆ ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತ ಸಿಗಬೇಕು. ಹಂಚಿನ ಮನೆಯೊಳಗೆ, ದಟ್ಟ ಮರದ ಕೆಳಗೆ, ಅಥವಾ ಮೊಬೈಲ್ ತೆರೆದ ಕೂಡಲೇ ಅವಸರದಲ್ಲಿ ಒತ್ತಿದರೆ ಸಿಗದೆ ಹೋಗಬಹುದು. ಆಗ ಜಾಗದ ಕಾಲಂ ಖಾಲಿ ಉಳಿಯುತ್ತದೆ. ಸರಿಯಾಗಿ ಬರೆದ ಪ್ರೋಗ್ರಾಂ "ಜಾಗ ಗೊತ್ತಾಗಿಲ್ಲ, ಮತ್ತೊಮ್ಮೆ ತೆಗೆಯಿರಿ" ಎಂದು ಹೇಳುತ್ತದೆ. ಕೆಲವು ಪ್ರೋಗ್ರಾಂಗಳು ಹಾಗೆ ಹೇಳದೆ ಖಾಲಿ ಇದ್ದಲ್ಲಿ 0 ತುಂಬಿ ಮುಂದೆ ಕಳಿಸಿಬಿಡುತ್ತವೆ. ಅದನ್ನು ಓದುವ ಇನ್ನೊಂದು ಕಂಪ್ಯೂಟರಿಗೆ 0, 0 ಎಂದರೆ 'ಗೊತ್ತಿಲ್ಲ' ಎಂದಲ್ಲ, ಅದು ಒಂದು ಖಚಿತವಾದ ಜಾಗ. ಅದು ಆ ಮನೆಯನ್ನೋ ಹೊಲವನ್ನೋ ಗಿನಿ ಕೊಲ್ಲಿಯ ನೀರಿನ ಮೇಲೆ ಕೂರಿಸುತ್ತದೆ.

ಇದು ಎಷ್ಟು ಸಾಮಾನ್ಯವೆಂದರೆ ಲೋಕದ ನಕ್ಷೆಕಾರರು ಆ ಜಾಗಕ್ಕೆ 'ನಲ್ ಐಲ್ಯಾಂಡ್' ಎಂದು ಹೆಸರಿಟ್ಟಿದ್ದಾರೆ. ಶೂನ್ಯದ್ವೀಪ ಎನ್ನಬಹುದು. ಇಂಥ ದಾರಿತಪ್ಪಿದ ದಾಖಲೆಗಳನ್ನು ಹಿಡಿಯಲೆಂದೇ 2011ರಲ್ಲಿ 'ನ್ಯಾಚುರಲ್ ಅರ್ಥ್' ಎಂಬ ನಕ್ಷೆ ಸಂಗ್ರಹದವರು ಅಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ದ್ವೀಪವನ್ನೇ ಬರೆದಿಟ್ಟರು. ಚುಕ್ಕೆ ಬಿದ್ದು ಅರೀನ್ ಹುಟ್ಟಿದಂತೆ, ಖಾಲಿಗೂ ಸೊನ್ನೆಗೂ ಭೇದ ತಿಳಿಯದೆ ಈ ದ್ವೀಪ ಹುಟ್ಟಿದೆ.

ನಾನು ಒಂದು ಕಡೆ ಕೆಲಸ ಮಾಡುವಾಗ ನಕ್ಷೆಯ ಮೇಲೆ ಹಾಕಿದ ಚುಕ್ಕೆಗಳಲ್ಲಿ ಒಂದಷ್ಟು ಆಫ್ರಿಕಾದ ಪಕ್ಕದ ಕಡಲಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲಿದ್ದ ಗೆಳೆಯ "ಕಸ, ಅಳಿಸಿಬಿಡು" ಎಂದ. ಒಂದೊಂದನ್ನೇ ತೆರೆದು ನೋಡಿದರೆ ಒಂದೊಂದರ ಹಿಂದೆಯೂ ಒಂದು ಹೆಸರು, ಒಂದು ಊರು, ಒಂದು ತಾರೀಖು ಇತ್ತು. ಕನ್ನಡದ ಹೆಸರುಗಳೂ ಇದ್ದವು. ಅಳಿಸಿದರೆ ನಕ್ಷೆ ಚೊಕ್ಕಟವಾಗುತ್ತಿತ್ತು, ಆ ಜನ ಮಾತ್ರ ಲೆಕ್ಕದಿಂದಲೇ ಹೋಗುತ್ತಿದ್ದರು. ಅವನ್ನು ಬೇರೆ ಪಟ್ಟಿ ಮಾಡಿ, ಊರಿನ ಹೆಸರಿನ ಮೇಲಿಂದ ಮತ್ತೆ ವಿಚಾರಿಸಲು ಕಳಿಸಿದೆವು. ಹೆಚ್ಚು ಹೊತ್ತಿನ ಕೆಲಸ ಅದು. ಆದರೆ ಅಂದಿನಿಂದ 0, 0 ಕಂಡಾಗಲೆಲ್ಲ ನನಗೆ ಕಾಣುವುದು ಕಡಲಲ್ಲ. ಅರ್ಜಿ ಕೊಟ್ಟು, ಇನ್ನೂ ಏಕೆ ಬಂದಿಲ್ಲ ಎಂದು ಪಂಚಾಯಿತಿ ಕಟ್ಟೆಯ ಮೇಲೆ ಕಾದು ಕೂತ ಯಾರೋ ಒಬ್ಬರು.

ಇನ್ನೊಂದು ಬಗೆಯೂ ಉಂಟು. ನಮ್ಮೂರಿನ ಅಕ್ಷಾಂಶ 14 ಡಿಗ್ರಿ ಚಿಲ್ಲರೆ, ರೇಖಾಂಶ 75 ಡಿಗ್ರಿ ಚಿಲ್ಲರೆ. ಇವೆರಡು ಹಿಂದುಮುಂದಾದರೆ ಆಡೂರಿನ ಗೋವಿನಜೋಳದ ಹೊಲ ನಾರ್ವೆಯ ಉತ್ತರಕ್ಕೆ, ಆರ್ಕ್ಟಿಕ್ ಕಡಲಿನ ಕೊರೆಯುವ ನೀರಿನಲ್ಲಿ ಹೋಗಿ ಬೀಳುತ್ತದೆ!

ಸೊನ್ನೆಗೆ ಲೆಕ್ಕದಲ್ಲಿ ಸ್ಥಾನ ಕೊಟ್ಟ ನಾಡು ನಮ್ಮದು ಎಂದು ಹೆಮ್ಮೆಪಡುತ್ತೇವೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಕೂಡಿಸುವ, ಕಳೆಯುವ, ಗುಣಿಸುವ ನಿಯಮ ಬರೆದ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅಂಥ ದೊಡ್ಡ ಗಣಿತಜ್ಞನೂ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದ ಹಾಗೆಯೇ ಉಳಿಯುತ್ತದೆ ಎಂದ. ಭಾಗ ಮಾಡಲು ಯಾರೂ ಇಲ್ಲದಿದ್ದರೆ ರಾಶಿ ಹಾಗೇ ಉಳಿಯಿತಲ್ಲ ಎಂಬ ವಿಚಾರ ಇದ್ದಿರಬಹುದು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. 'ಏನೂ ಮಾಡಲಿಲ್ಲ' ಎನ್ನುವುದು ಬೇರೆ, 'ಸೊನ್ನೆಯಿಂದ ಮಾಡಿದೆ' ಎನ್ನುವುದು ಬೇರೆ. ಮಹಾವೀರಾಚಾರ್ಯರನ್ನೇ ತೊಡಕಿಗೆ ಸಿಕ್ಕಿಸಿದ ಸೊನ್ನೆ ಇಂದಿನ ಕಂಪ್ಯೂಟರನ್ನು ಬಿಟ್ಟೀತೆ? ನಮ್ಮ ಮಾಸ್ತರರಿಗೆ ಈ ಭೇದ ಎಂದೋ ಗೊತ್ತಿತ್ತು. ಪರೀಕ್ಷೆಗೆ ಬಂದು ಏನೂ ಬರೆಯದವನಿಗೆ ಸೊನ್ನೆ ಹಾಕುತ್ತಿದ್ದರು, ಪರೀಕ್ಷೆಗೇ ಬಾರದವನ ಮುಂದೆ 'ಗೈರು' ಎಂದು ಬರೆಯುತ್ತಿದ್ದರು. ಗೈರಾದವನಿಗೆ ಸೊನ್ನೆ ಹಾಕಿದರೆ ಅನ್ಯಾಯ. ಹಾಜರಿ ಪುಸ್ತಕದ ಈ ನೀತಿಯೊಂದನ್ನು ಪ್ರೋಗ್ರಾಂ ಬರೆಯುವವರೆಲ್ಲ ಪಾಲಿಸಿದರೆ ಶೂನ್ಯದ್ವೀಪದ ಮೇಲಿನ ಜನಸಂಖ್ಯೆ ಬಹಳ ಇಳಿಯುತ್ತದೆ.

ಕೊನೆಗೆ ಎರಡು ಬಿನ್ನಹ

ಮೊದಲನೆಯದು ಊರ ಹಿರಿಯರಿಗೆ, ರೈತ ಬಾಂಧವರಿಗೆ. ಹೊಲದ ಅಥವಾ ಮನೆಯ ಫೋಟೊ ತೆಗೆಯುವಾಗ, ತೆಗೆಸುವಾಗ ಬಯಲಿಗೆ ಬಂದು ಒಂದೆರಡು ನಿಮಿಷ ಕಾಯಿರಿ. ಕೆಳಗೆ ಮೂಡುವ ಅಂಕಿಗಳನ್ನು ಓದಿ. ಅಕ್ಷಾಂಶ 14ರಿಂದ, ರೇಖಾಂಶ 75ರಿಂದ ಶುರುವಾಗಿದ್ದರೆ ನೀವು ನಮ್ಮ ಭಾಗದಲ್ಲಿದ್ದೀರಿ. ಸೊನ್ನೆ ಇದ್ದರೆ, ಹಿಂದುಮುಂದಾಗಿದ್ದರೆ ಕಳಿಸಬೇಡಿ, ಮತ್ತೊಮ್ಮೆ ತೆಗೆಯಿರಿ. ಉತಾರದಲ್ಲಿ ಹೆಸರು ಸರಿಯಿದೆಯೇ ಎಂದು ನೋಡುವಷ್ಟೇ ಎಚ್ಚರದಿಂದ ಈ ಎರಡು ಅಂಕಿ ನೋಡಿ. 14, 75. ನೆನಪಿಡಲು ಕಷ್ಟವಿಲ್ಲ.

ಎರಡನೆಯದು ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ, ಅವರಿಗೆ ಕಲಿಸುತ್ತಿರುವ ಗುರುಗಳಿಗೆ. ಶಾಲೆಯ ಬಯಲಿನಲ್ಲಿ 100 ಸೆಂಟಿಮೀಟರ್ ಉದ್ದದ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಮಾರ್ಚ್ 21ರ, ಸೆಪ್ಟೆಂಬರ್ 23ರ ಸುಮಾರಿಗೆ ಹಗಲೂ ರಾತ್ರಿಯೂ ಸಮವಾಗಿರುವ ದಿನ ನಡುಹಗಲಿನ ನೆರಳನ್ನು ಅಳೆಯಿರಿ. ಸುಮಾರು 26 ಸೆಂಟಿಮೀಟರ್ ಬರಬೇಕು. ಕೋಲಿನ ತುದಿಯಲ್ಲಿ ಆಗುವ ಕೋನವೇ ನಮ್ಮೂರಿನ ಅಕ್ಷಾಂಶ. ಹಿಂದಿನವರು 12 ಅಂಗುಲದ ಶಂಕು ನಿಲ್ಲಿಸಿ ಇದೇ ನೆರಳನ್ನು ಅಳೆದು 'ಪಲಭಾ' ಎಂದು ಕರೆದರು. ನಮ್ಮೂರಿಗೆ ಅದು ಮೂರು ಅಂಗುಲಕ್ಕಿಂತ ತುಸು ಹೆಚ್ಚು. ನೆರಳು ಅತಿ ಚಿಕ್ಕದಾಗುವ ಹೊತ್ತನ್ನು ಗಡಿಯಾರದಲ್ಲಿ ಬರೆದುಕೊಳ್ಳಿ. ಅದು ಹನ್ನೆರಡಕ್ಕೆ ಸರಿಯಾಗಿ ಬರುವುದಿಲ್ಲ, ವರ್ಷದ ಸರಾಸರಿ ತೆಗೆದರೆ ಹನ್ನೆರಡೂವರೆಯ ಹತ್ತಿರ ಬರುತ್ತದೆ. ಗಡಿಯಾರ 82.5 ಡಿಗ್ರಿಯ ಹೊತ್ತು ಹೇಳುತ್ತದೆ, ಸೂರ್ಯ ಆಡೂರಿನ ಹೊತ್ತು ಹೇಳುತ್ತಾನೆ. ಅರ್ಧ ತಾಸಿನ ಆ ಅಂತರವೇ ನಮ್ಮ ರೇಖಾಂಶದ ಗುಟ್ಟು. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಮತ್ತು ಆಗಸ್ಟ್ ಮಧ್ಯದಲ್ಲಿ ಒಂದು ದಿನ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ನಮ್ಮ ಕಡೆ ಮೋಡ ಬಿಡಬೇಕಷ್ಟೆ. ಏಪ್ರಿಲ್ಲಿನಲ್ಲಿ ರಜೆಯಿದ್ದರೂ ಬಿಸಿಲಿಗೆ ಕೊರತೆಯಿಲ್ಲ.

ಹೀಗೆ ನೀವೇ ಅಳೆದು ಬಂದ ಎರಡು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಿ, ಪಕ್ಕದಲ್ಲಿ ಮೊಬೈಲ್ ತೋರಿಸುವ ಸಂಖ್ಯೆಗಳನ್ನೂ ಬರೆಸಿ. ಎರಡಕ್ಕೂ ಎಷ್ಟು ಅಂತರ ಬಂತೆಂದು ಪ್ರತಿ ವರ್ಷ ಹತ್ತನೆಯ ತರಗತಿಯವರು ಸಣ್ಣದು ಮಾಡುತ್ತ ಹೋಗಲಿ. ಸೊನ್ನೆಯನ್ನು ಲಂಕೆಯಲ್ಲಿ ಇಟ್ಟರೂ, ಗ್ರೀನಿಚ್‌ನಲ್ಲಿ ಇಟ್ಟರೂ, ಕರ್ಮಗಲೂರಿನಲ್ಲಿ ಇಟ್ಟರೂ ನಮ್ಮ ಶಾಲೆ ಇರುವ ನೆಲ ಕದಲುವುದಿಲ್ಲ. ಅದನ್ನು ಸರಿಯಾಗಿ ಅಳೆದು, ಸರಿಯಾಗಿ ಬರೆದಿಡುವುದು ಕಲಿತವರ ಕೆಲಸ. ಅಳೆಯುವುದನ್ನೂ ಬರೆಯುವುದನ್ನೂ ನನಗೆ ಕಲಿಸಿದ್ದು ಈ ಶಾಲೆ.